ಹಸೆ ಬರೆಯುವವಳ ಭಾನುವಾರ

ನನಗೆ ಅನುಮಾನ ಜಾಸ್ತಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ದೂರುವುದು ಬೇಡ. ಕಿವಿರು ಎತ್ತಿ ನೋಡದೆ ನಾನು ಒಂದು ಬಂಗುಡೆ ಕೊಂಡವಳಲ್ಲ. ಬಸ್ಸಿನಲ್ಲಿ ಗುರುತಿಲ್ಲದವರು ಸುಮ್ಮಸುಮ್ಮನೆ ನಕ್ಕರೆ ಇಳಿಯುವ ತನಕ ಬ್ಯಾಗನ್ನು ತೊಡೆಯ ಮೇಲಿಂದ ಕೆಳಗಿಡುವುದಿಲ್ಲ. ನನ್ನ ಬ್ಲಾಗಿಗೆ ಯಾರಾದರೂ ‘ತುಂಬಾ ಚೆಂದ ಅಕ್ಕಾ’ ಎಂದು ಬರೆದರೆ, ಇವರಿಗೆ ನನ್ನಿಂದ ಏನು ಬೇಕಾಗಿದೆಯೋ ಎಂದು ಮೊದಲು ಅವರ ಪುಟಕ್ಕೆ ಹೋಗಿ ತಡಕಾಡಿ ಬರುತ್ತೇನೆ. ಗಂಡ ನಗುತ್ತಾರೆ. “ಬಂದರ ರಸ್ತೇಲಿ ಒಂದು ಅನುಮಾನದ ಅಂಗಡಿ ಹಾಕು ಮಾರಾಯ್ತಿ, ಚೊಲೊ ಓಡ್ತದೆ,” ಎನ್ನುತ್ತಾರೆ. ನಗಲಿ. ಲೋಕದಲ್ಲಿ ಮೋಸ ಹೋಗುವವರು ಇಂಥ ನಗುವವರೇ ಎಂದು ನಾನು ನಂಬಿದ್ದೆ.

ನಾವಿರುವುದು ಹೊನ್ನಾವರದಲ್ಲಿ. ಕುಮಟೆಯ ಒಂದು ಹೈಸ್ಕೂಲಿನಲ್ಲಿ ನಾನು ಚಿತ್ರಕಲೆ ಹೇಳಿಕೊಡುತ್ತೇನೆ. ಮಕ್ಕಳಿಗೆ ಹೂವಿನಕುಂಡ, ಸೂರ್ಯಾಸ್ತ ಎಲ್ಲ ಬರೆಸುತ್ತೇನಾದರೂ ನನ್ನ ಸ್ವಂತ ಕೆಲಸಕ್ಕೆ ಬಣ್ಣ ಎರಡೇ, ಕೆಮ್ಮಣ್ಣು ಮತ್ತು ಅಕ್ಕಿಹಿಟ್ಟು. ನಮ್ಮವರ ಮದುವೆಮನೆಯಲ್ಲಿ ಒಳಗೋಡೆಗೆ ಕೆಮ್ಮಣ್ಣು ಸಾರಿಸಿ, ಅದರ ಮೇಲೆ ಅರೆದ ಅಕ್ಕಿಯ ಬಿಳಿಯಲ್ಲಿ ಚಿತ್ರ ಬರೆಯುತ್ತಾರೆ. ಅದೇ ಹಸೆ. ಮದುಮಕ್ಕಳನ್ನು ಅದರ ಮುಂದೆ ಕೂರಿಸಿ ಶಾಸ್ತ್ರ ಮಾಡುತ್ತಾರೆ. ನಡುವೆ ಮದುಮಕ್ಕಳ ದಂಡಿಗೆ ಅಂದರೆ ಪಲ್ಲಕ್ಕಿ, ಸುತ್ತ ಅಂಚಿಗೆ ಒಂದರ ಹೊರಗೊಂದು ಚೌಕವಾಗಿ ಎಳೆಗಳು. ಒಂದು ಎಳೆ ಬರೆದು ಮುಗಿಯುವ ತನಕ ಸುತ್ತ ಕೂತ ಹೆಂಗಸರು ಹಾಡಿನ ಒಂದು ನುಡಿ ಹಾಡುತ್ತಾರೆ. ಮುಂದಿನ ಎಳೆಗೆ ಮುಂದಿನ ನುಡಿ.

ಒಂದೊಂದು ಮನೆತನಕ್ಕೆ ಒಂದೊಂದು ಹಸೆ. ಅದನ್ನು ಬರೆಯುವವಳೂ ಒಬ್ಬಳೇ. ಅವಳ ಕೈ ಸೋತ ದಿನ ಬರೆಯುವ ನಾರಿನ ಕಡ್ಡಿಯನ್ನು ಇನ್ನೊಬ್ಬಳ ಕೈಗೆ ಕೊಡುತ್ತಾಳೆ. ಅಲ್ಲಿಂದ ಮುಂದೆ ಆ ಮನೆತನದ ಯಾವ ಮದುವೆಯಾದರೂ ಕರೆ ಬರುವುದು ಇವಳಿಗೇ. ನಮ್ಮ ಮನೆತನದ ಕಡ್ಡಿ ಇದ್ದದ್ದು ನನ್ನ ತಂದೆಯ ಅಣ್ಣನ ಹೆಂಡತಿಯ ಕೈಯಲ್ಲಿ, ಕಾಯ್ಕಿಣಿಯಲ್ಲಿ. ದೊಡ್ಡಮ್ಮನಿಗೆ ಹೆಣ್ಣುಮಕ್ಕಳಿಲ್ಲ, ಒಬ್ಬ ಮಗ, ಅವನ ಹೆಂಡತಿ ಅಂದರೆ ನನ್ನ ಅತ್ತಿಗೆ, ಅವರಿಗೊಬ್ಬಳು ಮಗಳು. ನಾನೋ ಹಸೆಯನ್ನೇ ಹಾಸಿ ಹೊದ್ದವಳು. ಆ ಕಡ್ಡಿ ನನಗೆ ಬೇಕಿತ್ತು. ಬೇಕಿತ್ತು ಎಂದರೆ ಸಾಲದು, ಅದು ನನ್ನದೇ ಎಂದು ತಿಳಿದಿದ್ದೆ.

ಬ್ಲಾಗು ಶುರುವಾದದ್ದು ಆರು ವರ್ಷದ ಹಿಂದೆ, ಹೀಗೇ ಒಂದು ಶನಿವಾರ. ದೊಡ್ಡಮ್ಮ ನನಗೆ ಕಲಿಸಲೆಂದೇ ಕೊಟ್ಟಿಗೆಯ ಪಕ್ಕದ ಗೋಡೆ ಸಾರಿಸಿ ಹಸೆ ಬರೆದಳು. ನಾನು ಒಂದೊಂದು ಹಂತದ ಫೋಟೊ ತೆಗೆದೆ, ಹಾಡು ರೆಕಾರ್ಡ್ ಮಾಡಿಕೊಂಡೆ. ಬಿಸಿಲು ಇಳಿಯುವ ಹೊತ್ತಿಗೆ ದೊಡ್ಡಮ್ಮ ಸೊಂಟ ಹಿಡಿದುಕೊಂಡು ಎದ್ದಳು. “ಈವತ್ತು ಉಳೀತ್ಯೇನೆ?” ಎಂದಳು. “ಇಲ್ಲ ದೊಡ್ಡಮ್ಮ, ಬಸ್ಸದೆ,” ಎಂದೆ. ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಮೊದಲ ಬರಹ ಹಾಕಿದೆ: ನಮ್ಮ ಮನೆತನದ ಐದೆಳೆ ಹಸೆ. ಜನ ಮುಗಿಬಿದ್ದರು. ಮುಂಬಯಿ, ಪುಣೆ, ಮಂಗಳೂರು, ಎಲ್ಲೆಲ್ಲೋ ಇರುವ ನಮ್ಮ ಕಡೆಯ ಹೆಂಗಸರು ‘ನಮ್ಮಜ್ಜಿ ನೆನಪಾದಳು’ ಎಂದು ಬರೆದರು. ಆ ದಿನ ನಾನು ಅಡಿಗೆಯನ್ನೇ ಮಾಡಲಿಲ್ಲ. ಗಂಡ ಅವಲಕ್ಕಿ ಕಲಸಿಕೊಂಡು ತಿಂದರು.

ಶನಿವಾರ ಬರೆಯುವುದು, ಭಾನುವಾರ ಹಾಕುವುದು ಎಂಬ ಲೆಕ್ಕದಲ್ಲಿ ಸುರುವಾದದ್ದು ವಾರವಿಡೀ ಹಬ್ಬಿತು. ಸೋಮವಾರ ಕಮೆಂಟುಗಳಿಗೆ ಉತ್ತರ. ಮಂಗಳವಾರ, ಉತ್ತರಕ್ಕೆ ಬಂದ ಉತ್ತರಕ್ಕೆ ಉತ್ತರ. ಕುಮಟೆಗೆ ಹೋಗುವ ಬಸ್ಸಿನಲ್ಲಿ ಮುಂದಿನ ಬರಹದ ಮೊದಲರ್ಧ, ಬರುವ ಬಸ್ಸಿನಲ್ಲಿ ಉಳಿದರ್ಧ. ಮೊದಲೆಲ್ಲ ಅದೇ ಬಸ್ಸಿನಲ್ಲಿ ಕಿಟಕಿಯ ಹೊರಗೆ ನೋಡುತ್ತ ಎಳೆಗಳನ್ನು ಮನಸ್ಸಿನಲ್ಲೇ ತಿರುಗಿಸುತ್ತಿದ್ದೆ. ಈಗ ಕಿಟಕಿಯ ಹೊರಗೆ ಏನಿದೆ ಎಂದು ಕೇಳಿದರೆ ಹೇಳಲಾರೆ.

ಕೆಮ್ಮಣ್ಣು ಯಾರನ್ನೂ ಕಾಯುವುದಿಲ್ಲ. ಸಾರಿಸಿದ ಮೇಲೆ ಅದು ಅರ್ಧ ಒಣಗಿರಬೇಕು, ಅರ್ಧ ಹಸಿ ಇರಬೇಕು. ಆಗ ಬರೆದರೆ ಬಿಳಿ ಕಚ್ಚುತ್ತದೆ. ಮನೆಯಲ್ಲಿ ನಾನು ಬರೆಯುವುದು ಕೆಮ್ಮಣ್ಣು ಸಾರಿಸಿದ ಹಲಗೆಯ ಮೇಲೆ. ನಾನು ಬೆಳಕು ಎಲ್ಲಿಂದ ಬರುತ್ತದೆ, ಬಟ್ಟಲನ್ನು ಎಲ್ಲಿಟ್ಟರೆ ಫೋಟೊ ಚೆಂದ ಎಂದು ಸುತ್ತುತ್ತಿದ್ದರೆ ಹಲಗೆ ಪೂರ್ತಿ ಒಣಗಿರುತ್ತಿತ್ತು. ಬರೆದ ಬಿಳಿ ಎರಡೇ ದಿನಕ್ಕೆ ಹಕ್ಕಳೆ ಎದ್ದು ಉದುರುತ್ತಿತ್ತು. ಉದುರಲಿ, ಫೋಟೊ ಬಂದಾಗಿದೆಯಲ್ಲ ಎಂದುಕೊಳ್ಳುತ್ತಿದ್ದೆ. ಹಲಗೆಯ ಕೆಳತುದಿ ಫೋಟೊದ ಚೌಕದೊಳಗೆ ಬರುವುದಿಲ್ಲವೆಂದು ಅಲ್ಲಿ ಬರೆಯುವುದನ್ನೇ ಬಿಟ್ಟೆ. ಇದನ್ನು ಬ್ಲಾಗಿನಲ್ಲಿ ಬರೆದಿಲ್ಲ. ಬ್ಲಾಗಿನಲ್ಲಿ ನಾನು ಬೆಳಗಿನ ಜಾವ ಎದ್ದು ಸ್ನಾನ ಮಾಡಿ ಅಕ್ಕಿ ಅರೆಯುವವಳು.

ಗಂಡ ಒಮ್ಮೆ ಹೇಳಿದರು, “ನೀನು ಎರಡು ದೋಣಿ ಮೇಲೆ ಕಾಲಿಟ್ಟಿದ್ದೆ. ಒಂದರ ಹಗ್ಗ ಬಿಚ್ಚಿ ಹೋದದ್ದು ನಿಂಗೆ ಗೊತ್ತಾಗ್ಲಿಲ್ಲ.” ನನಗೆ ಸಿಟ್ಟು ಬಂತು. ಮೂರು ದಿನ ಮಾತು ಬಿಟ್ಟೆ. ಆ ಮೂರು ದಿನದಲ್ಲಿ ಎರಡು ಬರಹ ಮುಗಿದವು.

ಕಾಯ್ಕಿಣಿಗೆ ಹೋಗುವುದನ್ನು ಮಾತ್ರ ಬಿಟ್ಟಿರಲಿಲ್ಲ. ತಿಂಗಳಿಗೊಂದು ಶನಿವಾರ ಭಟ್ಕಳದ ಬಸ್ಸು ಹತ್ತಿ, ಹೈವೇಯಲ್ಲಿ ಇಳಿದು ರಿಕ್ಷಾ ಹಿಡಿಯುತ್ತಿದ್ದೆ. ನಾನು ಬರುತ್ತೇನೆಂದರೆ ಅತ್ತಿಗೆ ಅಕ್ಕಿ ಅರೆದು, ಮಣ್ಣು ಕಲಸಿ ಇಟ್ಟಿರುತ್ತಿದ್ದಳು. ದೊಡ್ಡಮ್ಮ ಬರೆಯುತ್ತಿದ್ದಳು, ನಾನು ಫೋನು ಹಿಡಿಯುತ್ತಿದ್ದೆ. ಪ್ರತಿ ಸಲ ಅದೇ ಐದೆಳೆ, ಅದೇ ಐದು ನುಡಿ. ನಾನು ಬೇರೆ ಬೇರೆ ಕೋನದಿಂದ ತೆಗೆದು ಬೇರೆ ಬೇರೆ ತಲೆಬರಹ ಕೊಡುತ್ತಿದ್ದೆ. ಅತ್ತಿಗೆ ಬಾಗಿಲಿಗೆ ಒರಗಿ ನೋಡುತ್ತ ನಿಲ್ಲುತ್ತಿದ್ದಳು. ಇವಳಿಗೆ ಎಂತ ಕೆಲಸ ಇಲ್ಲಿ ಎಂದು ನನಗೆ ಆಗಲೇ ಸಣ್ಣ ಅನುಮಾನ.

ಹೋದ ವರ್ಷ ಮುಟ್ಟಳ್ಳಿಯಲ್ಲಿ ನಮ್ಮ ಮನೆತನದ ಒಂದು ಮದುವೆಯಾಯಿತು. ಹಸೆ ಬರೆಯಲು ದೊಡ್ಡಮ್ಮನಿಗೆ ಕರೆ ಬಂತು. ಸೊಸೆಯನ್ನು ಕರೆದುಕೊಂಡು ಹೋದಳು. ನನ್ನನ್ನೂ ಕರೆದಿದ್ದಳು. ಆದರೆ ಆ ಶನಿವಾರ ನಾನು ಓದುಗರ ಜೊತೆ ನೇರ ಮಾತುಕತೆ ಇಟ್ಟುಕೊಂಡಿದ್ದೆ, ‘ಹಸೆ ಕಲಿಯುವುದು ಹೇಗೆ’ ಎಂಬುದರ ಮೇಲೆ. ಅದನ್ನು ಬಿಟ್ಟು ಹೋಗುವುದುಂಟೇ? ಹೋಗಲಿಲ್ಲ.

ಅದಾಗಿ ಸುಮಾರು ದಿನದ ಮೇಲೆ, ಇನ್ಯಾರದೋ ಪುಟ ನೋಡುತ್ತಿದ್ದಾಗ, ಮುಂಬಯಿಯ ಒಬ್ಬ ಹೆಂಗಸು ಹಾಕಿದ ಫೋಟೊ ಕಣ್ಣಿಗೆ ಬಿತ್ತು. ಮುಟ್ಟಳ್ಳಿಯ ಅದೇ ಮದುವೆಮನೆ, ನಮ್ಮ ಮನೆತನದ ಹಸೆ. ದಂಡಿಗೆಯ ಗೀರು ನೋಡಿದರೆ ನಮ್ಮದೇ ಎಂದು ಹೇಳಬಹುದಿತ್ತು. ಆದರೆ ಅಂಚು ಬೇರೆ. ಫೋಟೊ ದೊಡ್ಡದು ಮಾಡಿ ಎಣಿಸಿದೆ. ಏಳೆಳೆ. ಮತ್ತೆ ಎಣಿಸಿದೆ, ಬೆರಳಿಟ್ಟು. ಏಳೇ. ಆರನೆಯದರಲ್ಲಿ ಬಳ್ಳಿಯಂಥದೊಂದು ನಡೆ, ಏಳನೆಯದರಲ್ಲಿ ನಾನು ಎಂದೂ ಕಾಣದ ಒಂದು ಹೆಣಿಗೆ.

ದೊಡ್ಡಮ್ಮ ಇಷ್ಟು ವರ್ಷ ಐದು ಬರೆದವಳು ಈಗ ಏಳು ಬರೆಯುತ್ತಾಳೆಯೇ? ಸಾಧ್ಯವಿಲ್ಲ. ಹಾಗಾದರೆ ಸೇರಿಸಿದ್ದು ಯಾರು? ಜೊತೆಗೆ ಹೋದದ್ದು ಯಾರು? ಬಾಗಿಲಿಗೆ ಒರಗಿ ನೋಡುತ್ತ ನಿಲ್ಲುತ್ತಿದ್ದದ್ದು ಯಾರು? ಎಲ್ಲ ಒಂದಕ್ಕೊಂದು ಸೇರಿ ಬಂತು. ಅತ್ತಿಗೆ ತನ್ನದೊಂದು ಹೆಣಿಗೆ ತುರುಕಿ ನಮ್ಮ ಹಸೆಯನ್ನು ಕೆಡಿಸಿದ್ದಾಳೆ. ಮುಂಬಯಿಯವಳಿಗೆ ಫೋಟೊ ಕಳಿಸಿ ಹೆಸರು ಮಾಡಿಕೊಳ್ಳುತ್ತಿದ್ದಾಳೆ. ಮಗಳ ಮದುವೆ ಬೇರೆ ಗೊತ್ತಾಗಿದೆ. ಅಷ್ಟರೊಳಗೆ ಕಡ್ಡಿಯನ್ನು ತನ್ನ ಕೈಗೆ ಮಾಡಿಕೊಳ್ಳಬೇಕು ಎಂದು ಹೊಂಚಿದ್ದಾಳೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯಿತು ಎಂದು ಗಂಡನ ಹತ್ತಿರ ಕೂಗಾಡಿದೆ.

“ದೊಡ್ಡಮ್ಮನ ಹತ್ರ ಕೇಳೂಕೆ ಎಂತ ಧಾಡಿ ನಿಂಗೆ?” ಎಂದರು ಅವರು.

ಕೇಳಲಿಲ್ಲ. ಕೇಳಿದರೆ ಕಳ್ಳರು ಎಚ್ಚರವಾಗುತ್ತಾರೆ ಎಂಬುದು ನನ್ನ ಬುದ್ಧಿ. ಮುಂದಿನ ಸಲ ಕಾಯ್ಕಿಣಿಗೆ ಹೋದಾಗ, ದೊಡ್ಡಮ್ಮ ಮಲಗಿದ್ದ ಹೊತ್ತು ನೋಡಿ, ಅತ್ತಿಗೆ ಹಿತ್ತಿಲಿಗೆ ಹೋದದ್ದೇ ತಡ ಅವಳ ಫೋನು ಎತ್ತಿಕೊಂಡೆ. ಅದಕ್ಕೆ ಬೀಗವೂ ಇಲ್ಲ, ಸುಡುಗಾಡೂ ಇಲ್ಲ. ಒಳಗೆ ಏನಿತ್ತು ಗೊತ್ತೇ? ಒಂದು ಕರುವಿನ ಫೋಟೊ, ಅದೇ ಕರುವಿನ ಹನ್ನೊಂದು ಫೋಟೊ. ಮಗಳಿಗೆ ನೋಡಿದ ಸೀರೆಗಳು. ಹುಳ ಹಿಡಿದ ಹಾಗಲ ಎಲೆ. ಗ್ಯಾಸ್ ಬುಕ್ ಆದ ಮೆಸೇಜು. ಮುಂಬಯಿಯ ಹೆಸರೂ ಇಲ್ಲ, ಹಸೆಯ ಒಂದು ಚಿತ್ರವೂ ಇಲ್ಲ.

“ಎಂತ ತಂಗಿ, ಫೋನ್ ಬೇಕಾಗಿತ್ತಾ?” ಅತ್ತಿಗೆ ಬುಟ್ಟಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

“ಇಲ್ಲ ಅತ್ಗೆ, ಟೈಮ್ ನೋಡ್ದೆ ಅಷ್ಟೆ.”

ನನ್ನ ತಲೆಯ ಮೇಲೇ ಗೋಡೆ ಗಡಿಯಾರ ಟಕಟಕ ಅನ್ನುತ್ತಿತ್ತು. ಅವಳು ಗಡಿಯಾರ ನೋಡಿದಳು, ನನ್ನನ್ನು ನೋಡಿದಳು. ಹೊರಡುವಾಗ ಬದನೆಕಾಯಿ, ಹರಿವೆ ಕಟ್ಟಿ ಕೊಟ್ಟಳು. ಬಸ್ಸಿನಲ್ಲಿ ಕುಳಿತು ಯೋಚಿಸಿದೆ: ಇಷ್ಟು ಯಾಕೆ ಕೊಟ್ಟಳು? ತಪ್ಪು ಮಾಡಿದವರೇ ಹೀಗೆ ಕೊಡುವುದು. ಫೋನಿನಲ್ಲಿ ಏನೂ ಇಲ್ಲವೆಂದರೆ ಅಳಿಸಿದ್ದಾಳೆ ಎಂದೇ ಅರ್ಥ. ಹರಿವೆ ಸಾರು ಮಾಡಿ ಉಂಡೆ, ಅನುಮಾನವನ್ನು ಬಿಡಲಿಲ್ಲ.

ಆ ಭಾನುವಾರದ ಬರಹದ ತಲೆಬರಹ ‘ಮನೆಯೊಳಗಿನ ಕಳ್ಳಿ’. ಹೆಸರು ಹಾಕಲಿಲ್ಲ. ಒಂದು ಹಳೆಯ ಮನೆತನ, ವಯಸ್ಸಾದ ಕಲಾವಿದೆ, ಹೊರಗಿನಿಂದ ಬಂದ ಸೊಸೆ, ಮೂಲ ಚಿತ್ರವನ್ನು ಕೆಡಿಸಿ ತನ್ನ ಹೆಸರಿಗೆ ಮಾಡಿಕೊಳ್ಳುವ ಹುನ್ನಾರ, ಎಂದೆಲ್ಲ ಬರೆದೆ. ಬಸ್ಸಿನಲ್ಲಿ ಹೋಗುತ್ತ ಬರುತ್ತ ಬರೆದದ್ದು. ಒಂದು ಶಬ್ದ ಹುಡುಕಬೇಕಾಗಲಿಲ್ಲ. ಆರು ವರ್ಷದಲ್ಲಿ ಅಷ್ಟು ಜನ ಓದಿದ ಬರಹ ಇನ್ನೊಂದಿಲ್ಲ. ‘ಇಂಥವರನ್ನು ಸುಮ್ಮನೆ ಬಿಡಬೇಡಿ ಅಕ್ಕಾ’ ಎಂದು ಗುರುತು ಪರಿಚಯ ಇಲ್ಲದವರೆಲ್ಲ ಬರೆದರು. ಆ ದಿನ ಮಾತ್ರ ಯಾರ ಪುಟಕ್ಕೂ ಹೋಗಿ ತಡಕಾಡಲಿಲ್ಲ. ನನ್ನ ಪರವಾಗಿ ಕೂಗಿದವರ ಮೇಲೆ ನನಗೆ ಅನುಮಾನ ಬರಲಿಲ್ಲ ನೋಡಿ.

ಭಟ್ಕಳದಲ್ಲಿರುವ ಅತ್ತಿಗೆಯ ತವರಿನವರೂ ಅದನ್ನು ಓದಿದರು. ಅದು ನನಗೆ ಆಮೇಲೆ ಗೊತ್ತಾಯಿತು. ಅತ್ತಿಗೆಯ ಮಗಳ ಮದುವೆಗೆ ನಾಲ್ಕು ದಿನ ಇರುವಾಗ ಅಣ್ಣನ, ಅಂದರೆ ದೊಡ್ಡಮ್ಮನ ಮಗನ ಫೋನು ಬಂತು. ಯಾವಾಗಲೂ ಹಾಸ್ಯ ಮಾಡದೆ ಮಾತು ಸುರು ಮಾಡದವನು ಅವತ್ತು ಒಂದೇ ಮಾತು ಹೇಳಿದ: “ಬುಧವಾರ ಹಸೆ ಬರೆಯೂದು. ನೀ ಬರ್ಬೇಕು ಅಂತ ಅಮ್ಮ ಹೇಳಿಯಾಳೆ.”

ಎಂಥ ಸಂತೋಷ! ಶಾಲೆಗೆ ರಜೆ ಹಾಕಿದೆ. ಹೊಸ ಸೀರೆ ಉಟ್ಟೆ. ನನ್ನ ನಾರಿನ ಕಡ್ಡಿಗಳನ್ನು ತೊಳೆದು ಬಟ್ಟೆಯಲ್ಲಿ ಸುತ್ತಿದೆ. ಫೋನನ್ನು ನಿಲ್ಲಿಸುವ ಮೂರು ಕಾಲಿನ ಸ್ಟ್ಯಾಂಡನ್ನೂ ಹಿಡಿದುಕೊಂಡೆ. ಶರಾವತಿ ಸೇತುವೆ ದಾಟುವಷ್ಟರಲ್ಲಿ ಮುಂದಿನ ಭಾನುವಾರದ ಬರಹದ ಮೊದಲ ಸಾಲೂ ಆಗಿಹೋಯಿತು: ‘ಕೊನೆಗೂ ದೊಡ್ಡಮ್ಮ ಕಡ್ಡಿಯನ್ನು ನನ್ನ ಕೈಗಿಟ್ಟಳು.’ ಕೂಸು ಹುಟ್ಟುವ ಮುಂಚೆ ಕುಲಾವಿ ಅಂತಾರಲ್ಲ, ಹಾಗೆ.

ಹೋಗುವಾಗ ಗೋಡೆ ಸಾರಿಸಿ ಆಗಿತ್ತು. ಅರ್ಧ ಒಣಗಿ, ಅರ್ಧ ಹಸಿಯಾಗಿ, ಕೈಯಿಟ್ಟರೆ ತಂಪು. ಅಷ್ಟು ಚೆಂದದ ಗೋಡೆ ನೋಡಿ ನನಗೆ ಸುಮಾರು ದಿನವಾಗಿತ್ತು. ದೊಡ್ಡಮ್ಮ ಮಣೆಯ ಮೇಲೆ ಗೋಡೆಗೆ ಎದುರಾಗಿ ಕುಳಿತಿದ್ದಳು. ಪಕ್ಕದಲ್ಲಿ ಬಿಳಿಯ ಬಟ್ಟಲು. ಮದುಮಗಳು ನನ್ನನ್ನು ನೋಡಿ ಒಳಗೆ ಹೋದಳು. ಅತ್ತಿಗೆ ತಲೆ ಎತ್ತಲಿಲ್ಲ. ನಾನು ಸ್ಟ್ಯಾಂಡ್ ಬಿಡಿಸಿ ಫೋನು ಸಿಕ್ಕಿಸತೊಡಗಿದೆ.

ದೊಡ್ಡಮ್ಮ ಬಟ್ಟಲಿನಿಂದ ಕಡ್ಡಿ ತೆಗೆದಳು. ಅವಳ ಕೈ ನಡುಗುತ್ತಿತ್ತು. ಬಿಳಿ ಹನಿ ಸೀರೆಯ ಮೇಲೆ ಬಿತ್ತು. “ಬಾರೆ,” ಎಂದಳು. ನಾನು ಎರಡು ಹೆಜ್ಜೆ ಮುಂದೆ ಬಂದೆ. ಅವಳು ನನ್ನನ್ನು ದಾಟಿ ಆಚೆ ನೋಡಿ, ಕಡ್ಡಿಯನ್ನು ಸೊಸೆಯ ಕೈಗೆ ಕೊಟ್ಟಳು.

ಮದುವೆಮನೆ ಎಂಬುದೂ ಮರೆತು ಒದರಿದೆ. “ಅವಳಿಗೆ ಎಂತ ಗೊತ್ತದೆ ದೊಡ್ಡಮ್ಮ? ಮುಟ್ಟಳ್ಳೀಲಿ ಎಂತ ಮಾಡಿಟ್ಟಿದ್ದಾಳೆ ಕಂಡೆ ನಾನು. ಏಳೆಳೆ ಬರ್ದು ನಮ್ ಹಸೆ ಹಾಳು ಮಾಡಿದ್ದಾಳೆ. ಮುಂಬಯಿಗೆ ಫೋಟೊ ಕಳ್ಸಿದ್ದಾಳೆ!”

“ಫೋಟೊ ಅವ್ಳು ಕಳ್ಸಿದ್ದಲ್ಲ. ಮುಂಬಯಿಯವ್ರು ಮದ್ವೆಗೆ ಬಂದಿದ್ರು, ಅವ್ರೇ ತೆಗ್ದ್ರು. ಉಂಡ್ರು, ಹರಸಿದ್ರು, ಹೋದ್ರು. ಏಳೆಳೆ ಬರ್ದದ್ದೂ ಅವ್ಳಲ್ಲ. ನಾನು.” ದೊಡ್ಡಮ್ಮನಿಗೆ ಸಿಟ್ಟೇ ಇರಲಿಲ್ಲ, ಅದರಿಂದ ನನಗೆ ಹೆಚ್ಚು ಹೆದರಿಕೆಯಾಯಿತು. “ನಮ್ಮನೆ ಹಸೆ ಏಳೆಳೇದೇ. ನನ್ನತ್ತೆ ಕಾಲಕ್ಕೂ ಏಳು.”

“ನಂಗೆ ಐದು ಕಲ್ಸಿದ್ಯಲ್ಲ?”

“ಐದು ಕಲಿಸ್ಲಿಲ್ಲ. ಐದಕ್ಕೆ ನಿಲ್ಸ್ದೆ. ಆವತ್ತು ಸೊಂಟ ಹಿಡ್ಕಂಡಿತ್ತು. ಉಳಿದೆರಡು ಬೆಳಗಾದ್ಮೇಲೆ ಅಂಚು ಮತ್ತೆ ಸಾರ್ಸಿ ಬರ್ಯುವ ಅಂತ, ಉಳೀತ್ಯಾ ಅಂತ ಕೇಳ್ದೆ. ಬಸ್ಸದೆ ಅಂದೆ ನೀನು. ನಾ ಬೆಳಿಗ್ಗೆ ಎದ್ದು ಆ ಎರಡಕ್ಕೆ ಹೊಸಾ ಅಕ್ಕಿ ಅರೀತಿದ್ದೆ. ಮೊಮ್ಮಗಳು ಓಡಿ ಬಂದು ಓದಿ ಹೇಳ್ತು, ಅಜ್ಜಿ, ನಿನ್ ಫೋಟೊ ಬಂತು, ನಮ್ಮನೆತನದ ಐದೆಳೆ ಹಸೆ ಅಂತ ಬರ್ದಿದ್ದಾಳೆ ಅತ್ತೆ ಅಂತ.”

ದೊಡ್ಡಮ್ಮ ಸೀರೆಯ ಮೇಲಿನ ಬಿಳಿ ಹನಿಯನ್ನು ಉಗುರಿನಲ್ಲಿ ಕೆರೆಯುತ್ತ ಹೇಳಿದಳು. “ಊರೆಲ್ಲ ಓದಿ ಆಗಿತ್ತು. ಇನ್ನು ಏಳು ಬರ್ದ್ರೆ ನೀ ಸುಳ್ಳಿ ಆಗ್ತೆ ಅಲ್ದನೆ? ಅದ್ಕೆ ನೀ ಆ ಫೋನ್ ಹಿಡ್ಕಂಡು ಬಂದಾಗೆಲ್ಲ ಐದೇ ಬರ್ದೆ. ಇವತ್ತು ನೀ ಕೇಳ್ತೆ, ನಾಳೆ ಕೇಳ್ತೆ, ಮತ್ತೆರಡು ಎಲ್ಲಿ ದೊಡ್ಡಮ್ಮ ಅಂತೆ ಅಂತ ಕಾದೆ. ಸಣ್ಣಕಿದ್ದಾಗ ನನ್ ಹಿಂದೆ ಕೂತು ಏಳೂ ನುಡಿ ಹಾಡ್ತಿದ್ದೆ ನೀನು. ಮರ್ತಿರ್ಲಿಕ್ಕಿಲ್ಲ ಅಂದ್ಕಂಡಿದ್ದೆ.”

ಮರೆತಿದ್ದೆ. ದೇವರಾಣೆ, ಪೂರ್ತಿ ಮರೆತಿದ್ದೆ. ಫೋನಿನಲ್ಲಿ ಐದಿದ್ದವು, ಹಾಗಾಗಿ ಐದೇ ಎಂದು ನಂಬಿದ್ದೆ. ಲೋಕದ ಎಲ್ಲರ ಮೇಲೆ ಅನುಮಾನ ಪಟ್ಟವಳು ನನ್ನ ಬರಹದ ಮೇಲೆ ಒಂದು ದಿನ ಪಡಲಿಲ್ಲ. ಆರು ವರ್ಷ ಈ ಮುದುಕಿ ತನ್ನ ಅತ್ತೆ ಕೊಟ್ಟ ಹಸೆಯನ್ನು ನನ್ನ ಮುಂದೆ ಅರ್ಧಕ್ಕೆ ನಿಲ್ಲಿಸಿದ್ದು ನನ್ನ ಮಾನ ಕಾಯಲು. ನನಗೆ ನಾಚಿಕೆಯಾಯಿತು. ನೆಲ ಬಾಯಿಬಿಡಬಾರದೇ ಎನ್ನಿಸಿತು. ಅತ್ತಿಗೆಯ ಕಡೆ ತಿರುಗಿದೆ.

“ಅತ್ಗೆ, ನಂಗೆ ಆ ಎರಡೆಳೆ ಕಲ್ಸಿಕೊಡು.” ಕ್ಷಮಿಸು ಎಂದು ಮೊದಲು ಹೇಳಬೇಕಿತ್ತು. ಬಾಯಿಗೆ ಬಂದದ್ದು ಇದು.

ಅವಳು ಕಡ್ಡಿಯನ್ನು ಬಟ್ಟಲಿನ ಅಂಚಿಗೆ ಒರಗಿಸಿದಳು. “ಇಲ್ಲ,” ಎಂದಳು. “ನಂಗೆ ನಿಮ್ ಮೇಲೆ ನಂಬಿಕೆ ಇಲ್ಲ. ನಮ್ಮಪ್ಪ ಭಟ್ಕಳದ ಪೇಟೇಲಿ ತಲೆ ತಗ್ಗಿಸಿ ತಿರುಗ್ತಿದ್ದಾನೆ. ಗಂಡಿನ ಕಡೆಯವ್ರು ಓದಿ ಕೇಳಿದ್ರು, ಆ ಕಳ್ಳಿ ಯಾರು ಅಂತ. ಹೆಸ್ರು ಹಾಕಿಲ್ಲ ಅಂತ ನಿಮಗೆ ಧೈರ್ಯ. ಈ ಮನೇಲಿ ಸೊಸೆ ಎಷ್ಟು ಜನ ಇದ್ದಾರೆ ಹೇಳಿ?”

ಇಪ್ಪತ್ತೈದು ವರ್ಷದಿಂದ ನನ್ನನ್ನು ತಂಗಿ ಎಂದು ಕರೆದವಳ ಬಾಯಲ್ಲಿ ಈಗ ‘ನೀವು’. ದೊಡ್ಡಮ್ಮ ನಡುವೆ ಬಾಯಿ ಹಾಕಲಿಲ್ಲ. ಕಡ್ಡಿ ಈಗ ಸೊಸೆಯದು; ಯಾರಿಗೆ ಕಲಿಸಬೇಕು, ಯಾರಿಗೆ ಬೇಡ ಎಂಬುದೂ ಅವಳದ್ದೇ.

ಗೋಡೆ ಒಣಗುತ್ತಿತ್ತು. ಅದೊಂದು ನನಗೂ ಕಾಣಿಸಿತು, ಅವಳಿಗೂ ಕಾಣಿಸಿತು. ಬಟ್ಟಲಲ್ಲಿದ್ದ ಬಿಳಿ ಏಳೆಳೆಗೆ ಸಾಲುವಂತಿರಲಿಲ್ಲ. ನಾನು ಸ್ಟ್ಯಾಂಡನ್ನು ಮಡಚಿದೆ, ಫೋನು ಬಂದ್ ಮಾಡಿ ಅಣ್ಣನ ಕೈಗೆ ಕೊಟ್ಟೆ. ನೆನೆಸಿಟ್ಟ ಅಕ್ಕಿ ತಂದು ಕಲ್ಲಿನ ಮುಂದೆ, ಗೋಡೆಗೆ ಬೆನ್ನು ಹಾಕಿ ಕುಳಿತೆ. ಅವಳಿಗೆ ನನ್ನ ಕಣ್ಣಿನ ಭಯ ಬೇಡ ಎಂದು. ಅರೆಯತೊಡಗಿದೆ.

ಆಮೇಲೆ ದೊಡ್ಡಮ್ಮ ಮೊದಲ ನುಡಿ ಎತ್ತಿದಳು, ಒಳಗಿದ್ದ ಹೆಂಗಸರು ಬಂದು ಸೇರಿಕೊಂಡರು. ಐದು ನುಡಿ ನನಗೆ ಗೊತ್ತಿದ್ದವು. ಆರನೆಯದು ಬಂತು. ಅತ್ತಿಗೆಯ ಗಂಟಲು ಎಲ್ಲರಿಗಿಂತ ಮೇಲೆ ಕೇಳಿಸಿತು. ಅವಳು ಹಾಡುತ್ತಾಳೆ ಎಂಬುದೇ ನನಗೆ ಅಲ್ಲಿಯ ತನಕ ತಿಳಿದಿರಲಿಲ್ಲ. ಏಳನೆಯದು ಬಂದಾಗ ನನ್ನ ಬಾಯಿ ತನ್ನಷ್ಟಕ್ಕೆ ಅಲ್ಲಾಡಿತು, ಮೊದಲ ಎರಡು ಶಬ್ದಕ್ಕೆ. ಮೂರನೆಯ ಶಬ್ದ ಬರಲಿಲ್ಲ. ಅರೆಯುವ ಕೈ ನಿಂತಿತು. “ಹಿಟ್ಟು,” ಎಂದಳು ಅತ್ತಿಗೆ ಹಿಂದಿನಿಂದ. ತಿರುಗದೆಯೇ ಬಟ್ಟಲನ್ನು ಹಿಂದಕ್ಕೆ ಸರಿಸಿದೆ.

ಮದುವೆ ಚೆನ್ನಾಗಿ ನಡೆಯಿತು. ನನ್ನನ್ನು ಯಾರೂ ಮಾತನಾಡಿಸದೆ ಬಿಡಲಿಲ್ಲ, ಯಾರೂ ಹೆಚ್ಚು ಮಾತನಾಡಿಸಲೂ ಇಲ್ಲ. ಆ ಭಾನುವಾರ ‘ಮನೆಯೊಳಗಿನ ಕಳ್ಳಿ’ಯನ್ನು ತೆಗೆದುಹಾಕಿ, ಅದರ ಜಾಗದಲ್ಲಿ ನಡೆದದ್ದನ್ನೆಲ್ಲ ಬರೆದೆ: ನಾನು ಬರೆದದ್ದು ಸುಳ್ಳು, ಕಳ್ಳಿ ಎಂದು ಕರೆದದ್ದು ತಪ್ಪು, ಹಸೆಗೆ ಏಳೆಳೆ, ನನಗೆ ಬರುವುದು ಐದು. ಓದಿದವರು ಕಡಿಮೆ. ಓದಿದವರಲ್ಲೂ ಪುಣೆಯ ಒಬ್ಬಳು, ‘ಪರವಾಗಿಲ್ಲ ಅಕ್ಕಾ, ನಾವು ಮಗಳ ಮದುವೆಗೆ ನಿಮ್ಮ ಐದೆಳೆಯನ್ನೇ ಬರೆಸಿದ್ದೆವು, ಫೋಟೊದಲ್ಲಿ ಅದೇ ಚೆಂದ ಬರುತ್ತದೆ,’ ಎಂದಳು. ಮುಂದಿನ ಭಾನುವಾರ ಏನೂ ಹಾಕಲಿಲ್ಲ. ಅದರ ಮುಂದಿನದ್ದೂ ಇಲ್ಲ.

ಬೆನ್ನ ಹಿಂದೆ ಕೇಳಿದ ಆರನೆಯ ನುಡಿ ಹೇಗೋ ಉಳಿದಿದೆ. ಕುಮಟೆಯ ಬಸ್ಸಿನಲ್ಲಿ ಕಿಟಕಿಗೆ ತಲೆಯಿಟ್ಟು ಗುನುಗುತ್ತೇನೆ. ಏಳನೆಯದು ಎರಡು ಶಬ್ದದಿಂದ ಮುಂದೆ ಹೋಗುವುದಿಲ್ಲ. ಮೊನ್ನೆ ಧೈರ್ಯ ಮಾಡಿ ಅತ್ತಿಗೆಗೆ ಫೋನು ಮಾಡಿದೆ. ಮೊದಲು ಕ್ಷಮಿಸು ಎಂದೆ, ಈ ಸಲ ಸರಿಯಾದ ಜಾಗದಲ್ಲಿ. ಆಮೇಲೆ ಏಳನೆಯ ನುಡಿಯ ಮೂರನೆಯ ಶಬ್ದ ಯಾವುದು ಎಂದು ಕೇಳಿದೆ.

“ಅದು ಫೋನಲ್ಲಿ ಹೇಳೂದಲ್ಲ,” ಎಂದು ಇಟ್ಟುಬಿಟ್ಟಳು.

ಬಾ ಎಂದೂ ಹೇಳಲಿಲ್ಲ, ಬರಬೇಡ ಎಂದೂ ಹೇಳಲಿಲ್ಲ. ಶನಿವಾರ ಹೋಗುತ್ತೇನೆ. ಉಳಿಯುತ್ತೇನೆ ಎಂದು ಮನೆಯಲ್ಲಿ ಹೇಳಿದ್ದೇನೆ. ಅವಳು ಒಳಗೆ ಕರೆಯದಿದ್ದರೆ ಜಗಲಿಯಲ್ಲಿ ಕೂತಿರುತ್ತೇನೆ.